ತೂತಿಲ್ಲದ ಪೀಪಾಯಿ

ಬಾಟಲಿಯಲ್ಲಿದ್ದುದನ್ನೆಲ್ಲ ವಾರಿಜಾ ಪೀಪಾಯಿಗೆ ಸುರಿದುಬಿಟ್ಟಳು.

ಏಳು ತಿಂಗಳ ಕೆಲಸ ಅದು. ಪೀಪಾಯಿಯಲ್ಲಿ ಅಷ್ಟೂ ದಿನ ಆ ಕೆಲಸದ ಪಾತ್ರೆ ತೊಳೆದ ನೀರಿತ್ತು. ಅದರೊಳಗೆ ಇದೂ ಬೆರೆತುಹೋಯಿತು.

ಹೊಳೆಯ ಕಡೆಯಿಂದ ಮರಳುಗಾಳಿ ಬೀಸುತ್ತಿತ್ತು. ಶೆಡ್ಡಿನ ಕಿಟಕಿಗಳನ್ನು ಮುಚ್ಚಿ ಅವಳು ಟ್ಯೂಬ್‌ಲೈಟ್ ಹಾಕಿಕೊಂಡಿದ್ದಳು. ಆರಿಸಿ ಹೊರಗೆ ಬಂದಳು.

ಜಗಲಿಯಲ್ಲಿ ಹಾಲಪ್ಪ ಮೇಷ್ಟ್ರು ಕೂತಿದ್ದರು. ಐವತ್ತು ವರ್ಷ ನೀರಿನಿಂದ ಲೋಹ ತೆಗೆದವರು. ಈಗ ಕೈ ನಡುಗುತ್ತಿತ್ತು. ಕಣ್ಣು ಮಂಜಾಗಿತ್ತು. ವರ್ಷದೊಳಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಅವಳು ಕಲಿಯಲು ಬಂದದ್ದು ಎರಡು ಅವಳಿ ಲೋಹಗಳನ್ನು ಬೇರೆ ಮಾಡುವುದನ್ನು. ಎರಡೂ ಆಮ್ಲದ ನೀರಿನಲ್ಲಿ ಕರಗಿರುತ್ತವೆ. ಒಂದು ಹಸಿರು. ಇನ್ನೊಂದು, ನಿಯೋಡಿಮಿಯಂ, ತಿಳಿ ನೇರಳೆ. ಗುಣದಲ್ಲಿ ಹೆಚ್ಚುಕಡಿಮೆ ಒಂದೇ. ಲೋಹ ಎಳೆಯುವ ಎಣ್ಣೆ ಹಾಕಿ ಕುಲುಕಿದರೆ ನೇರಳೆಯದು ಎಣ್ಣೆಗೆ ಕೂದಲೆಳೆಯಷ್ಟು ಹೆಚ್ಚು ಹತ್ತುತ್ತದೆ. ಅಷ್ಟೇ ವ್ಯತ್ಯಾಸ.

ಬಾಯಿಗೆ ಬಿರಡೆ, ತಳಕ್ಕೆ ತಿರುಪು ಇರುವ ಗಾಜಿನ ಆಲಿಕೆಯಲ್ಲಿ ಕುಲುಕಬೇಕು. ಎಣ್ಣೆ ಮೇಲೆ ನಿಲ್ಲುವವರೆಗೆ ಕಾಯಬೇಕು. ಕೆಳಗಿನ ನೀರು ಬಿಡಬೇಕು. ಮತ್ತೆ ಕುಲುಕಬೇಕು. ನೂರಾರು ಸಲ.

ಮೇಷ್ಟ್ರ ಕಣ್ಣು ಹೋಗುವ ಮೊದಲು ಬರೀ ನೇರಳೆಯನ್ನು ಅವರಿಗೆ ತೋರಿಸಬೇಕು ಎನ್ನುವುದು ಅವಳ ಹಟ.

"ಕೆಟ್ಟುಹೋಯಿತು ಮೇಷ್ಟ್ರೇ. ನೀಲಿ ಬಂತು. ತಾಮ್ರ ಸೇರಿರಬೇಕು. ಚೆಲ್ಲಿಬಿಟ್ಟೆ."

"ಯಾವ ಬೆಳಕಿನಲ್ಲಿ ನೋಡಿದೆ?"

"ಟ್ಯೂಬ್‌ಲೈಟಿನಲ್ಲಿ."

ಮೇಷ್ಟ್ರು ಎದ್ದರು. ಗೋಡೆ ಹಿಡಿದು ಒಳಗೆ ಹೋಗಿ ಟ್ರಂಕಿನಿಂದ ಬಟ್ಟೆ ಸುತ್ತಿದ ಸಣ್ಣ ಬಾಟಲಿಯೊಂದನ್ನು ತೆಗೆದರು. ಬಾಯಿಗೆ ಅರಗು ಹಾಕಿತ್ತು. ಪ್ರಾಯದಲ್ಲಿ ಅವರೇ ಬೇರೆ ಮಾಡಿದ ನಿಯೋಡಿಮಿಯಂ.

ಟ್ಯೂಬ್‌ಲೈಟ್ ಹಾಕಿ ನೋಡು ಎಂದರು. ನೋಡಿದಳು. ತಿಳಿನೀಲಿ.

ಅಂಗಳಕ್ಕೆ ಒಯ್ಯಿ ಎಂದರು. ಒಯ್ದಳು. ಬಿಸಿಲು ಬಿದ್ದದ್ದೇ ಬಾಟಲಿ ಬದನೆ ಹೂವಿನ ಬಣ್ಣಕ್ಕೆ ತಿರುಗಿತು.

ವಾರಿಜಾ ಬಾಟಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ಎಲ್ಲಾ ಹೋಯಿತು," ಎಂದಳು.

"ಪೀಪಾಯಿಗೆ ತೂತಿದೆಯೇನು?"

"ಇಲ್ಲ."

"ಮತ್ತೆ ಎಲ್ಲಿಗೆ ಹೋಗುತ್ತದೆ?"

ಬಂದ ಹೊಸದರಲ್ಲಿ ಆ ಪೀಪಾಯಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತೊಳೆದ ನೀರನ್ನು ಕೂಡಿಡುವುದೇಕೆ, ಚೆಲ್ಲಬಾರದೇ ಎಂದು ಕೇಳಿದ್ದಳು. ಅದೇನು ನಿನ್ನ ಪಾಲಿನ ಊಟ ಕೇಳುತ್ತದಾ ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದ್ದರು.

ಅವರು ಹೇಳಿದಂತೆ ಈಗ ಅದಕ್ಕೆ ಆಕ್ಸಾಲಿಕ್ ಆಮ್ಲ ಸುರಿದು ಕೋಲಿನಿಂದ ಕದಡಿದಳು. ತಿಳಿಯಾಗಿದ್ದ ನೀರು ನೀರುಮಜ್ಜಿಗೆಯಂತಾಯಿತು. ಮರುದಿನ ಬೆಳಿಗ್ಗೆ ತಳದಲ್ಲಿ ಎರಡು ಬೆರಳು ಗಸಿ ಕೂತಿತ್ತು. ಸೋಸಿದಳು. ತೊಳೆದಳು. ಕುಲುಮೆಯಲ್ಲಿ ಸುಟ್ಟು ಆಮ್ಲದಲ್ಲಿ ಕರಗಿಸಿದಳು.

ಲೋಹವೆಲ್ಲ ಬಂದಿತ್ತು. ಅವಳಿಗಳೆರಡೂ ಒಟ್ಟಿಗೇ ಬಂದಿದ್ದವು.

ಆಲಿಕೆ ಕೈಗೆತ್ತಿಕೊಂಡವಳು ತಡೆದು ನಿಂತಳು.

"ಮತ್ತೆ ಏಳು ತಿಂಗಳು ಬೇಕು ಮೇಷ್ಟ್ರೇ. ಅಷ್ಟು ಹೊತ್ತಿಗೆ ನಿಮಗೆ ಕಾಣಿಸುವುದಿಲ್ಲ."

"ಕಾಣಿಸುವುದಿಲ್ಲ," ಎಂದರು ಮೇಷ್ಟ್ರು. "ಕುಲುಕು."

ಏಳಲ್ಲ, ಎಂಟು ತಿಂಗಳು ಹಿಡಿಯಿತು. ಮೇಷ್ಟ್ರಿಗೆ ಆಗ ಬಾಗಿಲು ಯಾವುದು ಗೋಡೆ ಯಾವುದು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾರಿಜಾ ಬಾಟಲಿ ಹಿಡಿದು ಅಂಗಳಕ್ಕೆ ನಡೆದಳು. ಅವಳ ಹೆಗಲ ಮೇಲೆ ಕೈಯಿಟ್ಟು ಅವರೂ ಬಂದರು.

"ಬಿಸಿಲಿದೆಯಾ?"

"ಇದೆ ಮೇಷ್ಟ್ರೇ."

"ಏನು ಬಣ್ಣ?"

ಅವಳು ಬಾಟಲಿಯನ್ನು ಎತ್ತಿ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು.

"ಬದನೆ ಹೂವಿನ ಬಣ್ಣ."

"ಹಾಗಾದರೆ ಅರಗು ಹಾಕು."