ಸಾಹುಕಾರರು ಕೊಟ್ಟ ಹಳೇ ಫೋನು

ದಾವಣಗೆರೆಯ ಬಟ್ಟೆ ಅಂಗಡಿ ಸಾಹುಕಾರರು ತಮ್ಮ ಹಳೇ ಫೋನನ್ನು ಡ್ರೈವರ್ ಹಾಲೇಶಿಗೆ ಕೊಟ್ಟರು. "ನಾಳೆ ನಾನು ಹುಬ್ಬಳ್ಳಿಯಿಂದ ರೈಲಲ್ಲಿ ವಾಪಸ್ ಬರೋ ಹೊತ್ತಿಗೆ ನಿನ್ನ ಲೊಕೇಶನ್ ಕಾಣಬೇಕು. ಇಲ್ಲಾಂದ್ರೆ ಬೇರೆ ಡ್ರೈವರ್ ನೋಡ್ಕೋತೀನಿ."

ಹಾಲೇಶಿ ತನ್ನ ಸಿಮ್ ಹಾಕಿದ. ಕರೆ ಬಂತು, ನೆಟ್ ಬರಲಿಲ್ಲ.

"ನನ್ನ ಕೈಯಲ್ಲಿ ಚೆನ್ನಾಗೇ ಓಡ್ತಿತ್ತು. ಫೋನು ಸರಿ ಇದೆ, ನಿನ್ನ ತಲೆ ಸರಿ ಇಲ್ಲ," ಎಂದರು ಸಾಹುಕಾರರು.

ತನ್ನ ತಲೆಯ ಬಗ್ಗೆ ಹಾಲೇಶಿಗೂ ಅದೇ ಅನುಮಾನವಿತ್ತು. ಮರುದಿನ ಕಾರನ್ನು ಸಾಹುಕಾರರ ಮನೆ ಮುಂದೆ ನಿಲ್ಲಿಸಿ ಜಗಲಿಯಲ್ಲಿ ಕೂತ. ಮನೆಯ ವೈಫೈ ಫೋನಿಗೆ ಹಳೇ ಪರಿಚಯ, ನೆಟ್ ಬಂತು. ಅಮ್ಮಾವ್ರು ಉಪ್ಪಿಟ್ಟು ಕೊಟ್ಟರು.

ರೈಲ್ವೆ ಸ್ಟೇಷನ್ನಿನಲ್ಲಿ ಕಾರಿಗೆ ಕಾದು ಸಾಕಾಗಿ ಸಾಹುಕಾರರು ಆಟೋದಲ್ಲಿ ಬಂದಿಳಿದರು. "ಇಲ್ಲೇನೋ ಮಾಡ್ತಿದ್ದೀಯ?"

"ಲೊಕೇಶನ್ ಕಳಿಸ್ತಿದ್ದೀನಿ ಯಜಮಾನ್ರೆ. ನಿಮ್ಮ ಫೋನು ನಿಮ್ಮನೇಲಿ ಮಾತ್ರ ಓಡ್ತದೆ."

ಸಾಹುಕಾರರು ಅವನನ್ನು ಮೊಬೈಲ್ ಅಂಗಡಿಗೆ ಕರೆದೊಯ್ದರು. ಫೋನಿನಲ್ಲಿ ಇನ್ನೂ ಅವರ ಹಳೇ ಸಿಮ್ಮಿನ ನೆಟ್ ಸೆಟ್ಟಿಂಗೇ ಇತ್ತು. ಅಂಗಡಿಯವನು ಅದನ್ನು ಬದಲಾಯಿಸಿದ, ನೆಟ್ ಓಡಿತು.

ಗೆದ್ದೆನೆಂದು ಹಾಲೇಶಿ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಾ ಕಾಲು ಚಾಚಿ ಕೂತ. ಫೋನು ಟಣ್ ಎಂದಿತು. ಸಾಹುಕಾರರ ಮೆಸೇಜು: "ಮಿರ್ಚಿ ತಿಂದದ್ದು ಸಾಕು, ಗಾಡಿ ತಗೊಂಡು ಬಾ."

ಈಗ ಎಲ್ಲಿ ಕೂತರೂ ಲೊಕೇಶನ್ ಯಜಮಾನರಿಗೆ ಕಾಣುತ್ತೆ. ಉಪ್ಪಿಟ್ಟೂ ಹೋಯ್ತು, ಮಿರ್ಚಿಯೂ ಹೋಯ್ತು. ತಲೆಯ ವಿಷಯದಲ್ಲಿ ಯಜಮಾನರು ಹೇಳಿದ್ದೇ ಸರಿ ಅಂದುಕೊಳ್ಳುತ್ತಾ ಹಾಲೇಶಿ ಗಾಡಿ ಸ್ಟಾರ್ಟ್ ಮಾಡಿದ.