ಬಳೆ ದೆವ್ವಕ್ಕೊಂದು ಕಿಟಕಿ ಸೀಟು

ಬಸ್‌ಸ್ಟಾಪಿನ ಹುಣಸೆಮರದ ಕೆಳಗೆ ನಿಂಗಜ್ಜಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಜೊತೆಗೆ ಆ ಮರದ ಮೇಲೆ ಬಳೆ ಘಲ್ಲೆನಿಸುವ ಹೆಣ್ಣು ದೆವ್ವದ ಕತೆ ಪುಕ್ಕಟೆ. ಕತೆಗೆ ಜನ ನಿಲ್ಲುತ್ತಿದ್ದರು, ನಿಂತವರು ಕಡಲೆಕಾಯಿ ಕೊಳ್ಳುತ್ತಿದ್ದರು.

ಒಂದು ದಿನ ದೆವ್ವದ ಕತೆ ಸಂಗ್ರಹಿಸುವ ಸಾಹಿತಿಯೊಬ್ಬರು ಬಂದರು. ಎಲ್ಲ ಬರೆದುಕೊಂಡು, ಹೆಗಲ ಶಾಲು ಕೊಡವಿ ಅಂದರು: "ನೋಡಮ್ಮಾ, ಇದಿನ್ನು ನನ್ನ ಪುಸ್ತಕದ ಕತೆ. ನೀನು ಯಾರಿಗೂ ಹೇಳೋ ಹಾಗಿಲ್ಲ."

ಅಜ್ಜಿ ವಾದ ಮಾಡಲಿಲ್ಲ. "ಆಯ್ತು ಸಾಮಿ. ಕತೆ ತಕ್ಕೊಂಡವರು ದೆವ್ವಾನೂ ಕರ್ಕೊಂಡು ಹೋಗಿ. ಅಮಾವಾಸ್ಯೆಗೊಂದು ಎಡೆ ಇಟ್ರೆ ಸಾಕು, ಪಾಪದ್ದು."

"ನಾನು ದೆವ್ವ ಗಿವ್ವ ನಂಬೋದಿಲ್ಲ!"

"ಹಂಗಾದ್ರೆ ನಿಮಗೇನೂ ತೊಂದ್ರೆ ಇಲ್ಲ ಬಿಡಿ" ಎಂದವಳೇ ಮರದ ಕಡೆ ಮುಖವೆತ್ತಿ ಕೂಗಿದಳು: "ಇಳಿಯವ್ವಾ! ಸಾಮಿಯೋರ ಮನೆಗೆ ಹೊರಡು. ಹೆಂಗಸರಿಗೆ ಬಸ್ಸು ಫ್ರೀ. ಕಿಟಕಿ ಪಕ್ಕ ಕೂತ್ಕೋ."

ಬಸ್ಸು ಬಂತು. ಸಾಹಿತಿಗಳು ನಗುತ್ತಲೇ ಹತ್ತಿದರು. ಆದರೆ ಕಿಟಕಿ ಪಕ್ಕದ ಸೀಟು ಬಿಟ್ಟು ಕೂತರು. ಯಾಕೆ ಬಿಟ್ಟರೋ, ಅವರನ್ನೇ ಕೇಳಬೇಕು.

ಒಬ್ಬಾತ ಬಂದು "ಸ್ವಲ್ಪ ಆ ಕಡೆ ಸರೀರಿ" ಅಂದ.

"ಅಲ್ಲಿ ಜನ ಇದ್ದಾರೆ" ಎಂದು ಸಾಹಿತಿಗಳ ಬಾಯಿಂದ ಬಂದೇಬಿಟ್ಟಿತು. ಅಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸು ಸೆರಗು ಸರಿಮಾಡಿಕೊಂಡಳು. ಬಳೆ ಘಲ್ಲೆಂದವು.

ಸಾಹಿತಿಗಳು ಬಾಗಿಲಿಗೆ ಹಾರಿ ಕೂಗಿದರು: "ಅಜ್ಜೀ, ಕತೆ ನಿಮ್ಮದೇ! ನೀವೇ ಹೇಳ್ಕೊಳ್ಳಿ!"

ಅಜ್ಜಿ ಕಡಲೆಕಾಯಿ ಅಳೆಯುತ್ತಲೇ ಬಸ್ಸಿನ ಕಡೆ ತಿರುಗಿದಳು. "ಇಳಿಯವ್ವಾ, ಇಳಿ. ಸಾಮಿಯೋರ ಮನೇಲಿ ಜಾಗ ಇಲ್ವಂತೆ."

ಕಂಡಕ್ಟರ್ ಬಾಗಿಲು ತೆರೆದು ಹಿಡಿದು, ಒಬ್ಬರು ಇಳಿಯುವಷ್ಟು ಹೊತ್ತು ಕಾದು, ಆಮೇಲೆ "ರೈಟ್" ಅಂದ.