ಕಬ್ಬಿಣದ ನಿಂಬೆಹಣ್ಣು

"ಗುರುಗಳೇ, ಸಿಟ್ಟನ್ನು ಹಿಡಿಯಲು ಎರಡು ವ್ರತ ಸಾಲದೆ ಹೋದರೆ ಮೂರನೆಯದು ಯಾವುದು?" ಎಂದು ನಿರುಪಾದಿ ಕೇಳಿದ.

ಅವನು ಮಠದ ಪ್ರಸಾದನಿಲಯದ ಮೇಲ್ವಿಚಾರಕ. ಎರಡು ವರ್ಷದ ಹಿಂದೆ ಗುರುಗಳೇ ಅವನನ್ನು ಆ ಜಾಗಕ್ಕೆ ಏರಿಸಿದ್ದರು. ಏರಿದ ಕೆಲವೇ ತಿಂಗಳಲ್ಲಿ ಅವನಿಗೆ ಸಿಟ್ಟು ಬರತೊಡಗಿತು. ಗುರುಗಳಿಂದ ಸೋಮವಾರದ ಮೌನವ್ರತವನ್ನು ಕೇಳಿ ಪಡೆದ. ಅದು ಸಾಲದಾದಾಗ ಒಪ್ಪೊತ್ತಿನ ಊಟವನ್ನು ಕೇಳಿ ಪಡೆದ. ಎರಡನ್ನೂ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ನಿಂಗಮ್ಮನನ್ನು ನೂರು ಹುಡುಗರ ಎದುರಿಗೆ ಆಡಬಾರದ ಮಾತು ಆಡಿ ಬೈದಿದ್ದ. ತಂದೆತಾಯಿ ಇಲ್ಲದ ನಿರುಪಾದಿ ಏಳನೆಯ ವಯಸ್ಸಿಗೆ ಮಠಕ್ಕೆ ಬಂದಾಗ ಅವನ ಬಾಯಿಗೆ ಮೊದಲ ತುತ್ತು ಇಟ್ಟವಳು ಆಕೆ. ಆಕೆ ನಿನ್ನೆಯೇ ಗಂಟು ಕಟ್ಟಿಕೊಂಡು ತನ್ನ ಊರಿಗೆ ಹೊರಟುಹೋದಳು. ಇದು ಗುರುಗಳಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನಿರುಪಾದಿಗೂ ಗೊತ್ತಿತ್ತು.

ಗುರುಗಳು ವ್ರತದ ಮಾತೆತ್ತಲಿಲ್ಲ. "ಕೂತುಕೋ, ಒಂದು ಜೀಪಿನ ಕತೆ ಹೇಳುತ್ತೇನೆ," ಎಂದರು. ಅವರು ಹೇಳಿದ ಕತೆ ಇದು.

ನಾನು ಆಗ ಗುಡ್ಡದ ಮೇಲಿನ ಒಂದು ಸಣ್ಣ ಮಠದಲ್ಲಿದ್ದೆ. ಮೇಲೆ ನಲವತ್ತು ಮನೆ, ಕೆಳಗೆ ಡಾಂಬರು ರಸ್ತೆ, ನಡುವೆ ಏಳು ಮೈಲಿ ಬರೀ ಕಲ್ಲು. ಆ ದಾರಿಯಲ್ಲಿ ಒಬ್ಬನೇ ಒಬ್ಬ ಜೀಪು ಓಡಿಸುತ್ತಿದ್ದ. ಹೆರಿಗೆಯ ಹೆಂಗಸರು, ಸಂತೆಯ ಮೂಟೆ, ಶಾಲೆಯ ಮಕ್ಕಳು, ಎಲ್ಲಕ್ಕೂ ಅವನೇ ಗತಿ.

ಕಲ್ಲು ಜೀಪಿನ ಹೊಟ್ಟೆಗೆ ಬಡಿಯುತ್ತಿತ್ತು. ಅದಕ್ಕೆ ಅವನು ಅಚ್ಚಿನ ಮೇಲೆ ಜೀಪಿನ ಭಾರ ಹೊರುವ ಕಮಾನುಪಟ್ಟಿಗಳಿಗೆ ಉದ್ದನೆಯ ಕೊಂಡಿ ಹಾಕಿಸಿ ಜೀಪನ್ನು ನಾಲ್ಕು ಬೆರಳು ಎತ್ತರಿಸಿದ. ದೊಡ್ಡ ಟೈರು ಹಾಕಿಸಿದ. ಜೀಪು ಆಡಿನಂತೆ ಕಲ್ಲು ಹತ್ತಿತು. ಊರವರು ಬೆರಗಾದರು. ಅವನು ಎಲ್ಲರನ್ನೂ ಮೇಲಿನಿಂದ ಕೆಳಕ್ಕೆ ನೋಡುವುದನ್ನು ಕಲಿತ. ಅದೇನು ದೊಡ್ಡ ತಪ್ಪಲ್ಲ ಬಿಡು, ಎತ್ತರದಲ್ಲಿ ಕೂತವನಿಗೆ ಬೇರೆ ಕಡೆ ನೋಡಿದರೆ ಕತ್ತು ನೋಯುತ್ತದೆ.

ಡಾಂಬರಿಗೆ ಇಳಿದ ಮೇಲೆ ಬೇರೆಯೇ ಕತೆ. ವೇಗದ ಮುಳ್ಳು ನಲವತ್ತೈದು ದಾಟಿದಾಗ ಒಂದು ಚಕ್ರ ಗುಂಡಿಗೆ ಬಿದ್ದರೆ ಸಾಕು, ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತಿದ್ದವು. ಸ್ಟೇರಿಂಗು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇಡೀ ಗಾಡಿ ಗಡಗಡ ನಡುಗುತ್ತಿತ್ತು. ಪೂರಾ ನಿಲ್ಲಿಸಿದ ಹೊರತು ಆ ನಡುಕ ಬಿಡುತ್ತಿರಲಿಲ್ಲ. ಜೀಪಿಗೆ ಮೈಮೇಲೆ ಬರುತ್ತದೆ ಎಂದು ಊರವರು ಹೇಳಿದರು, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅವನು ನಕ್ಕು ಬಿಚ್ಚಿ ಎಸೆದ.

ಪೇಟೆಯ ಅಂಗಡಿಯವನೊಬ್ಬ ಅವನಿಗೆ ಸ್ಟೆಬಿಲೈಸರ್ ಎಂಬುದನ್ನು ಕೊಟ್ಟ. ಒಳಗೆ ಎಣ್ಣೆ ತುಂಬಿದ ಒಂದು ಮೊಳದ ಕೊಳವೆ. ಅದರ ಒಂದು ತುದಿಯನ್ನು ಅಚ್ಚಿಗೆ ಬಿಗಿಯುತ್ತಾರೆ, ಇನ್ನೊಂದನ್ನು ಚಕ್ರ ತಿರುಗಿಸುವ ಸರಳಿಗೆ. ಚಕ್ರ ಹಠಾತ್ತನೆ ಹೊಡೆದುಕೊಳ್ಳಲು ಹೋದರೆ ಒಳಗಿನ ಎಣ್ಣೆ ತಡೆಯುತ್ತದೆ. ಬಿಗಿಯುವ ಮೊದಲು ಅವನು ಅದನ್ನು ನನ್ನ ಬಳಿ ತಂದ, ಮುಟ್ಟಿ ಕೊಡಿ ಎಂದ. ನಾನು ವಿಭೂತಿ ಹಚ್ಚಿ ಕೊಟ್ಟೆ. ನನಗೆ ಆಗ ವಯಸ್ಸು ಮೂವತ್ತು, ಯಾರು ಏನು ತಂದರೂ ವಿಭೂತಿ ಹಚ್ಚುತ್ತಿದ್ದೆ.

ನಡುಕ ನಿಂತಿತು. ಆರು ತಿಂಗಳು ನಿಂತೇ ಇತ್ತು. ಆಮೇಲೆ ಐವತ್ತರ ವೇಗದಲ್ಲಿ ಮತ್ತೆ ಬಂತು. ಅವನು ಎರಡನೆಯದನ್ನು ತಂದ, ನಾನು ಅದಕ್ಕೂ ವಿಭೂತಿ ಹಚ್ಚಿದೆ. ನಡುಕ ಮತ್ತೆ ನಿಂತಿತು. ಈಗ ಸ್ಟೇರಿಂಗು ಮಾತ್ರ ಕಲ್ಲಿನಷ್ಟು ಭಾರವಾಗಿತ್ತು. ತಿರುವಿನಲ್ಲಿ ತಿರುಗಿಸಿದ್ದು ತಾನಾಗಿ ಹಿಂದಕ್ಕೆ ಬರುತ್ತಿರಲಿಲ್ಲ, ಎಳೆದು ತರಬೇಕಿತ್ತು. ಅವನ ತೋಳು ದಪ್ಪವಾದವು. ಗಾಡಿ ಈಗ ನನ್ನ ಹಿಡಿತದಲ್ಲಿದೆ ಎಂದು ಅವನು ಎಲ್ಲರಿಗೂ ಹೇಳಿಕೊಂಡ.

ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬಂತು. ಗುಡ್ಡದ ಮೇಲಿನಿಂದ ಆರು ಹುಡುಗಿಯರು ಬರೆಯುತ್ತಿದ್ದರು. ಆ ಊರಿನಿಂದ ಅಲ್ಲಿಯವರೆಗೆ ಒಬ್ಬ ಹುಡುಗಿಯೂ ಹತ್ತನೆಯದನ್ನು ಬರೆದಿರಲಿಲ್ಲ. ಆರರಲ್ಲಿ ಒಬ್ಬಳು ಜೀಪಿನವನ ಮಗಳು. ಮೊದಲ ದಿನ ಅವರನ್ನು ಕರೆದೊಯ್ಯುವಾಗ ಪೇಟೆಯ ಕೆಲಸವಿದ್ದ ನಾನೂ ಮುಂದಿನ ಸೀಟಿನಲ್ಲಿ ಕೂತಿದ್ದೆ. ಹೊರಡುವುದು ತಡವಾಗಿತ್ತು. ಡಾಂಬರಿಗೆ ಇಳಿದವನೇ ಅವನು ಜೋರಾಗಿ ಓಡಿಸಿದ. ಹಳ್ಳದ ಸೇತುವೆಗೆ ತಡೆಗೋಡೆ ಇರಲಿಲ್ಲ. ಸೇತುವೆಯ ಬಾಯಲ್ಲೇ ಒಂದು ಗುಂಡಿ.

ನಡುಕ ಬಂತು. ಮೊದಲ ಕೊಳವೆಯ ಎಣ್ಣೆ ಎಂದೋ ಸೋರಿ ಹೋಗಿತ್ತು. ಎರಡನೆಯದರ ಬೋಲ್ಟು ಟಪ್ಪನೆ ಮುರಿಯಿತು. ಎರಡು ವರ್ಷ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದ ಹಾಗಿತ್ತು. ದಪ್ಪ ತೋಳುಗಳು ಯಾವ ಕೆಲಸಕ್ಕೂ ಬರಲಿಲ್ಲ. ಜೀಪು ನಿಂತಾಗ ಎಡಗಡೆಯ ಮುಂದಿನ ಚಕ್ರದ ಅರ್ಧ ಸೇತುವೆಯ ಹೊರಗಿತ್ತು. ನಾನು ಕೆಳಗೆ ನೋಡಿದೆ, ನೋಡಬಾರದಿತ್ತು. ಬದುಕಿನಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು, ಅದೇ ಕೊನೆ.

ಹುಡುಗಿಯರು ಒಬ್ಬೊಬ್ಬರಾಗಿ ಬಲಗಡೆಯಿಂದ ಇಳಿದರು. ಉಳಿದ ಎರಡು ಮೈಲಿ ಓಡುತ್ತ ನಡೆಯುತ್ತ ಹೋಗಿ ಕನ್ನಡದ ಪರೀಕ್ಷೆ ಬರೆದರು. ಸಂಜೆ ಉಳಿದ ಐದು ಹುಡುಗಿಯರ ಮನೆಯವರು ಒಟ್ಟಾಗಿ ಜೀಪಿನವನ ಮನೆಗೆ ಬಂದು, ಪರೀಕ್ಷೆ ಹೋದರೆ ಹೋಗಲಿ, ಇನ್ನು ಆ ಜೀಪಿಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದರು. ಜೀಪಿನವನ ಮಗಳು ಎಲ್ಲ ಮುಗಿಯುವವರೆಗೆ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಂದೇ ಮಾತು ಅಂದಳು.

"ನಾಡಿದ್ದು ಗಣಿತ ಐತಪ್ಪಾ."

ಮರುದಿನ ಬೆಳಿಗ್ಗೆ ಬಂಪರಿಗೆ ನಿಂಬೆಹಣ್ಣು ಕಟ್ಟಿತ್ತು. ಈ ಸಲ ಕಟ್ಟಿದವನು ಅವನೇ. ಪೇಟೆಯಿಂದ ತರಿಸಿದ ಮೂರನೆಯ ಸ್ಟೆಬಿಲೈಸರು ಕೈಯಲ್ಲಿತ್ತು, ಮೊದಲಿನ ಎರಡಕ್ಕಿಂತ ದಪ್ಪನೆಯದು. ವಿಭೂತಿಗೆಂದು ನನ್ನ ಮುಂದೆ ಹಿಡಿದ. ನನ್ನ ಕೈ ಏಳಲಿಲ್ಲ. ಹಿಂದಿನ ಎರಡಕ್ಕೂ ಹಚ್ಚಿದವನು ನಾನೇ ತಾನೆ? ಡಾಂಬರು ರಸ್ತೆಯ ಬದಿಯಲ್ಲಿ ಲಾರಿ ರಿಪೇರಿ ಮಾಡುವ ಒಬ್ಬ ಮುದುಕ ಮಿಸ್ತ್ರಿ ಇದ್ದ. ಅಲ್ಲಿಗೆ ಹೋಗೋಣ ನಡೆ ಎಂದು ನಾನೂ ಜೊತೆಗೆ ಹೊರಟೆ.

ಮಿಸ್ತ್ರಿ ಬಂಪರು ನೋಡಿದ. ಬಗ್ಗಿ ಕೆಳಗೆ ನೋಡಿದ. ಜೀಪಿನವನು ದಪ್ಪನೆಯ ಕೊಳವೆಯನ್ನು ಮುಂದೆ ಚಾಚಿದ.

"ಅದು ಆಮ್ಯಾಲ," ಎಂದ ಮಿಸ್ತ್ರಿ. "ಮೊದಲ ಇವೆರಡೂ ಬಿಚ್ಚು."

"ಬಿಚ್ಚಿದ್ರ ಸಾಯ್ತೀವ್ರಿ."

"ಹಂಗಾರ ಮುಂದ ಕಟ್ಟಿದ್ದು ಹುಳಿ ನಿಂಬಿಹಣ್ಣು, ಕೆಳಗ ಕಟ್ಟಿದ್ದು ಕಬ್ಬಿಣದ ನಿಂಬಿಹಣ್ಣು. ಎರಡೂ ಒಂದ."

ಎರಡನ್ನೂ ಬಿಚ್ಚಿ ಬದಿಗಿಟ್ಟರು. ಮಿಸ್ತ್ರಿ ಗಾಡಿಯ ಕೆಳಗೆ ಮಲಗಿದ. ಎಂಜಿನ್ ಹಚ್ಚದೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತ ಇರು ಎಂದು ಜೀಪಿನವನಿಗೆ ಹೇಳಿದ. ತಾನು ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡ. ನಾಡಿ ನೋಡುವ ವೈದ್ಯರನ್ನು ನಾನು ಕಂಡಿದ್ದೇನೆ. ಕಬ್ಬಿಣದ ನಾಡಿ ನೋಡುವವನನ್ನು ಅಂದೇ ಕಂಡದ್ದು. ಅರ್ಧ ಗಂಟೆ ಹಾಗೆಯೇ ಒಂದೊಂದನ್ನೂ ಮುಟ್ಟಿ ನೋಡಿದ.

ಚಕ್ರ ಎಡಬಲಕ್ಕೆ ತಿರುಗುವುದು ಒಂದು ಗಟ್ಟಿ ಪಿನ್ನಿನ ಮೇಲೆ. ಆ ಪಿನ್ನಿನ ಬೇರಿಂಗು ಪುಡಿಯಾಗಿತ್ತು. ನಡುಕ ಬೇರಿಂಗನ್ನು ತಿಂದಿತ್ತು, ತಿಂದಷ್ಟೂ ನಡುಕ ಬೆಳೆದಿತ್ತು, ಸ್ಟೆಬಿಲೈಸರು ಎರಡನ್ನೂ ಮುಚ್ಚಿಟ್ಟಿತ್ತು. ಆದರೆ ಮೊದಲ ನಡುಕ ಎಲ್ಲಿಂದ ಬಂತು? ಮಿಸ್ತ್ರಿ ಎದ್ದು ಕೂತು, ತನ್ನ ಸೈಕಲ್ಲಿನ ಮುಂದಿನ ಫೋರ್ಕನ್ನು ತೋರಿಸಿದ. ಅದರ ತಲೆ ನೆಟ್ಟಗಿರಲಿಲ್ಲ, ಸವಾರನ ಕಡೆಗೆ ಒಂದಿಷ್ಟು ವಾಲಿತ್ತು. ಆ ವಾಲು ಇರುವುದರಿಂದಲೇ ಹುಡುಗರು ಕೈಬಿಟ್ಟು ಸೈಕಲ್ ಹೊಡೆಯುತ್ತಾರೆ ಎಂದ. ಜೀಪಿನ ಪಿನ್ನೂ ಹಾಗೆಯೇ ಹಿಂದಕ್ಕೆ ವಾಲಿರಬೇಕಂತೆ. ಉದ್ದನೆಯ ಕೊಂಡಿ ಹಾಕಿ ಎತ್ತರಿಸಿದ ದಿನ ಅಚ್ಚು ಹೊರಳಿ ಪಿನ್ನು ನೆಟ್ಟಗಾಗಿಬಿಟ್ಟಿತ್ತು.

"ಎತ್ತರ ಮಾಡಿದ್ದು ತಪ್ಪಲ್ಲ, ತಮ್ಮಾ," ಎಂದ ಮಿಸ್ತ್ರಿ. "ಎತ್ತರ ಮಾಡುವಾಗ ವಾಲು ಕಳಕೊಂಡಿ. ಸೆಟದು ನಿಂತದ್ದು ನೆಟ್ಟಗ ಓಡೂದಿಲ್ಲ."

ಅವನು ಹೊಸ ಬೇರಿಂಗು ಹಾಕಿದ. ಆಮೇಲೆ ಹಳೆಯ ಡಬ್ಬಿಯಿಂದ ಎರಡು ಕಬ್ಬಿಣದ ಬೆಣೆ ತೆಗೆದ. ಒಂದು ಅಂಚು ಕಿರುಬೆರಳಿನಷ್ಟು ದಪ್ಪ, ಇನ್ನೊಂದು ಅಂಚು ಉಗುರಿನಷ್ಟು. ಅವನ್ನು ಅಚ್ಚಿಗೂ ಕಮಾನುಪಟ್ಟಿಗೂ ನಡುವೆ ಎರಡೂ ಕಡೆ ಇಟ್ಟು ಬಿಗಿದ. ಅಷ್ಟೇ. ಇಡೀ ಜೀಪಿನ ಮುಂದೆ ಆ ಬೆಣೆ ಏನೂ ಅಲ್ಲ. ಇಷ್ಟಕ್ಕೆ ಏನಾದೀತು ಎಂದು ನಾನೂ ಅಂದುಕೊಂಡೆ.

ಸ್ಟೆಬಿಲೈಸರುಗಳನ್ನು ನೆಲದ ಮೇಲೆಯೇ ಬಿಟ್ಟು ಮಿಸ್ತ್ರಿ ಜೀಪು ಹತ್ತಿದ. ನಾನೂ ಹತ್ತಿದೆ. ಹಿಂದಿನ ದಿನದ ಸೇತುವೆ ಇನ್ನೂ ದೂರವಿತ್ತು. ರಸ್ತೆ ನೇರವಾಗಿ, ಖಾಲಿಯಾಗಿ ಇತ್ತು. ಮುಳ್ಳು ನಲವತ್ತೈದಕ್ಕೆ ಬಂತು. ಮಿಸ್ತ್ರಿ ಕೈ ಬಿಡು ಎಂದ. ಜೀಪಿನವನು ಬಿಡಲಿಲ್ಲ. ಐವತ್ತಕ್ಕೆ ಬಂತು. ಜೀಪಿನವನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಎರಡು ವರ್ಷ ಅವನು ಆ ಸ್ಟೇರಿಂಗನ್ನು ಒಂದು ಗಳಿಗೆಯೂ ಬಿಟ್ಟವನಲ್ಲ.

"ನೀ ಬಿಡು," ಎಂದ ಮಿಸ್ತ್ರಿ. "ನೀ ಬಿಟ್ರ ಅದು ತನ್ನ ದಾರಿ ತಾ ಹಿಡೀತದ."

ಅವನು ಬೆರಳು ಬಿಚ್ಚಿದ. ಎರಡು ಅಂಗೈಗಳು ಸ್ಟೇರಿಂಗಿನ ಮೇಲೆ ಕೂದಲೆಳೆ ದೂರದಲ್ಲಿ ನಿಂತವು. ಮುಂದೆ ಒಂದು ಗುಂಡಿ ಇತ್ತು, ಮೂವರೂ ನೋಡಿದೆವು. ಎಡಗಡೆಯ ಚಕ್ರ ಅದಕ್ಕೆ ಧಡಕ್ಕೆಂದು ಬಿತ್ತು. ಸ್ಟೇರಿಂಗು ಒಮ್ಮೆ ಎಡಕ್ಕೆ ಜಗ್ಗಿತು. ಆಮೇಲೆ ಯಾರೂ ಮುಟ್ಟದೆ, ನಿಧಾನವಾಗಿ, ತಾನಾಗಿ ನಡುವಿಗೆ ಬಂದು ನಿಂತಿತು.

ನಿರುಪಾದಿ, ನಾನು ಎಷ್ಟೋ ಕ್ಷೇತ್ರ ಸುತ್ತಿದ್ದೇನೆ, ಎಷ್ಟೋ ಗರ್ಭಗುಡಿಯ ಮುಂದೆ ಕೈಮುಗಿದಿದ್ದೇನೆ. ಆದರೆ ಆ ರಸ್ತೆಯಲ್ಲಿ, ಎಣ್ಣೆ ಗ್ರೀಸು ಮೆತ್ತಿದ ಜೀಪಿನಲ್ಲಿ ಕೂತು ನಾನು ಕೈಮುಗಿದದ್ದು ಯಾರಿಗೆ ಎಂದು ಇಂದಿಗೂ ಗೊತ್ತಿಲ್ಲ. ಒಂದು ಉಗುರಿನಷ್ಟು ಬಾಗಿದ್ದಕ್ಕೆ ಅಷ್ಟು ಭಾರದ ಕಬ್ಬಿಣ ತನ್ನ ನಡುವನ್ನು ತಾನೇ ಹುಡುಕಿಕೊಂಡಿತ್ತು. ಜೀಪಿನವನು ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ. ಮಿಸ್ತ್ರಿ ಬೀಡಿ ಹಚ್ಚಿ ಹೊರಗೆ ನೋಡುತ್ತ ಕೂತ, ಅವನ ಅಳುವನ್ನು ಕಂಡೂ ಕಾಣದವನಂತೆ.

ಹಿಂದಿರುಗಿದ ಮೇಲೆ ಮಿಸ್ತ್ರಿ ಆ ಹೊಸ ಕೊಳವೆಯನ್ನು ತಾನೇ ಎತ್ತಿಕೊಂಡು ಬಿಗಿದ. ಕಲ್ಲಿನ ದಾರಿಯಲ್ಲಿ ಕೈಗೆ ಆಸರೆ ಬೇಕಾಗುತ್ತದೆ, ಈಗ ಇದು ಆಸರೆ, ಮೊದಲಿನ ಹಾಗೆ ಮುಚ್ಚಳವಲ್ಲ ಎಂದ. ಬಂಪರಿನ ನಿಂಬೆಹಣ್ಣನ್ನೂ ಬಿಚ್ಚಲಿಲ್ಲ, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದ.

ಅಂದು ಸಂಜೆ ಜೀಪಿನವನು ಐದು ಮನೆಗೂ ನಡೆದೇ ಹೋದ. ಗಾಡಿಯ ತಪ್ಪಲ್ಲ, ನನ್ನ ತಪ್ಪು, ಎರಡು ವರ್ಷ ಮುಚ್ಚಿಟ್ಟೆ ಎಂದು ಪ್ರತಿ ಹೊಸ್ತಿಲಲ್ಲೂ ಹೇಳಿದ. ಮರುದಿನ ಬೆಳಿಗ್ಗೆ ಮೊದಲು ಜೀಪು ಹತ್ತಿದವಳು ಅವನ ಮಗಳು. ಆಮೇಲೆ ಉಳಿದ ಐವರೂ ಹತ್ತಿದರು. ಜೀಪು ಸೇತುವೆ ದಾಟಿತು. ಆರೂ ಹುಡುಗಿಯರು ಗಣಿತ ಬರೆದರು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯಲ್ಲಿ ಯಾರೋ ಹೊಸಬರು ಪಾತ್ರೆ ಬೀಳಿಸಿದ ಸದ್ದು ಬಂತು. ನಿರುಪಾದಿ ಆ ಕಡೆ ತಿರುಗಿ ನೋಡಿದ. ಆಮೇಲೆ ಕೇಳಿದ:

"ಗುರುಗಳೇ, ನನಗೆ ಆ ಬೆಣೆ ಹಾಕುವವರು ಯಾರು?"

ಗುರುಗಳು ಹೇಳಿದರು: "ನಿಂಗಮ್ಮನ ಊರಿಗೆ ಹತ್ತು ಗಂಟೆಗೆ ಬಸ್ಸಿದೆ, ಅವಳ ಮನೆಯ ಬಾಗಿಲು ಬಹಳ ತಗ್ಗು, ನೋಡಿಕೊಂಡು ಒಳಗೆ ಹೋಗು."

ನಿರುಪಾದಿ ಎದ್ದು ಬಸ್ಸಿಗೆ ಹೊರಟ.